ಕಾಳ್ಯಾ ಕೂತ ಫೋಟೋ

ಬೆಳಗಾವಿ ಕೋಟೆಯ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಅನುಜಾ ಎಕ್ಸ್‌ರೇ ತೆಗೆಯುತ್ತಾಳೆ. "ಅಲುಗಾಡಬ್ಯಾಡ್ರಿ. ಉಸಿರು ಹಿಡೀರಿ. ಹಾಂ, ಬಿಡ್ರಿ." ದಿನವಿಡೀ ಇಷ್ಟೇ ಮಾತು. ಎದೆಗೂಡನ್ನೇ ತೋರಿಸಿ ಹೋದ ಮಹಾಶಯರು ಮರುದಿನ ಬಜಾರಿನಲ್ಲಿ ಸಿಕ್ಕರೆ ಗುರುತೂ ಹಿಡಿಯುವುದಿಲ್ಲ. ವಯಸ್ಸು ನಲವತ್ತು ದಾಟಿದೆ, ಮದುವೆಯಾಗಿಲ್ಲ. ತಾಯಿ ತೀರಿಕೊಂಡ ಮೇಲೆ ಬಾಡಿಗೆ ಮನೆಯಲ್ಲಿ ಒಬ್ಬಳೇ. ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುವ ಜೈನರ ರೂಢಿಯನ್ನು ಬಿಟ್ಟಿಲ್ಲವಾದ್ದರಿಂದ ಊಟದ ನಂತರದ ಹೊತ್ತು ಅವಳಿಗೆ ಬಲು ಉದ್ದ.

ವಾರವೆಲ್ಲ ಅಲುಗಾಡದವರ ಚಿತ್ರ ತೆಗೆದು ಬೇಸತ್ತೋ ಏನೋ, ಭಾನುವಾರ ಅವಳಿಗೆ ಹೇಳಿದ ಮಾತು ಕೇಳದ ಜೀವಗಳೇ ಬೇಕು. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ರೈಲು ಹತ್ತಿ, ಖಾನಾಪುರ ದಾಟಿ ಗುಂಜಿಯಲ್ಲಿ ಇಳಿಯುತ್ತಿದ್ದಳು. ಅಲ್ಲಿ ಕಾಡಂಚಿನ ಕರೆಂಟು ತಂತಿಯ ಮೇಲೆ ನೀಲಕಂಠ ಕೂರುತ್ತದೆ. ಕೂತಾಗ ಮಣ್ಣಿನ ಬಣ್ಣದ ಸಾದಾ ಹಕ್ಕಿ, ರೆಕ್ಕೆ ಬಿಚ್ಚಿದರೆ ಮೈಯೆಲ್ಲ ನೀಲಿ. ಆ ಗಳಿಗೆಗಾಗಿ ಕುತ್ತಿಗೆ ಹಿಡಿದುಕೊಳ್ಳುವ ತನಕ ಕಾಯಬೇಕು. ಬಹಳ ಸಲ ಸಿಗುವುದು ಖಾಲಿ ತಂತಿ. ಸಿಕ್ಕ ದಿನ ಮಾತ್ರ ಹಿಗ್ಗೋ ಹಿಗ್ಗು. ಆದರೆ ಆ ಹಿಗ್ಗನ್ನು ತೋರಿಸಲು ಮನೆಯಲ್ಲಿ ಯಾರಿದ್ದಾರೆ?

ಆ ತಂತಿಯ ಬಳಿಯೇ ಆಡು ಮೇಯಿಸುವ ಭೀಮಕ್ಕನ ಮನೆ. ಒಂಟಿ ಮುದುಕಿಗೆ ಜೊತೆಗಿದ್ದದ್ದು ಕಾಳ್ಯಾ ಎಂಬ ಕರಿ ನಾಯಿ. ಅನುಜಾ ಕ್ಯಾಮೆರಾ ಎತ್ತಿದ ಕೂಡಲೇ ಬೊಗಳಿ ಹಕ್ಕಿ ಹಾರಿಸುವುದೇ ಅದರ ಉದ್ಯೋಗ. ಒಮ್ಮೆ ಸಿಟ್ಟು ಬಂದು ಅವಳು ಕ್ಯಾಮೆರಾವನ್ನು ನಾಯಿಯತ್ತಲೇ ತಿರುಗಿಸಿದಳು. ಅದೂ ಸಲೀಸಾಗಿರಲಿಲ್ಲ. ಕಪ್ಪು ಮೈ ಬಿಸಿಲಿನಲ್ಲಿ ಕಣ್ಣು ಮೂಗಿಲ್ಲದ ಮಸಿಯ ಮುದ್ದೆಯಾಗಿ ಬಂತು. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಹೆಸರು ಹಿಡಿದು ಕರೆದು, ಅದು ಎದುರಿಗೆ ಓಡಿ ಬರುವಾಗ ಒತ್ತುವುದನ್ನು ನಿಧಾನಕ್ಕೆ ಕಲಿತಳು.

"ಬಿದ್ದೀಯೇನು ಯವ್ವಾ? ಎಬ್ಬಸಲೇನು?" ಎಂದು ಭೀಮಕ್ಕ ನಕ್ಕಿದ್ದೇ ನಕ್ಕಿದ್ದು.

ಕರೆದರೆ ಕಿವಿ ಹಾರಿಸುತ್ತ ಓಡಿ ಬರುವ ಜೀವ ಅನುಜಾಳ ಬಾಳಿನಲ್ಲಿ ಅದೊಂದೇ ಆಗಿತ್ತು. ನೀಲಕಂಠವನ್ನು ಅವಳು ಮರೆತೇಬಿಟ್ಟಳು.

ಮಳೆಗಾಲದಲ್ಲಿ ಗುಂಜಿಗೆ ಹೋಗಲಾಗುತ್ತಿರಲಿಲ್ಲ. ಈ ಸಲ ಮಳೆ ಮುಗಿದ ಮೇಲೆ ಹೋದಾಗ ಬಾಗಿಲಲ್ಲಿ ಕಾಳ್ಯಾ ಇರಲಿಲ್ಲ.

"ಚಿರತಿ ಒಯ್ತವ್ವಾ," ಎಂದಳು ಭೀಮಕ್ಕ. "ಮನಿ ಬಣಬಣ ಅನ್ನಾಕತ್ತೈತಿ. ಬಾಗಲದಾಗ ಕುಂದರ್ತಿದ್ದನಲ್ಲ, ಹಂಗ ಕುಂತಿದ್ದೊಂದು ಫೋಟೋ ಕೊಡು."

"ತರ್ತೀನ್ರಿ," ಎಂದು ಅನುಜಾ ಮಾತು ಕೊಟ್ಟಳು.

ಮನೆಗೆ ಬಂದು ಹುಡುಕಿದಳು. ಕಾಳ್ಯಾ ಓಡಿದ್ದು, ನೆಗೆದದ್ದು, ಮೈ ಕೊಡವಿದ್ದು ರಾಶಿಗಟ್ಟಲೆ. ಕೂತದ್ದು ಒಂದೂ ಇಲ್ಲ. ಎಲ್ಲಿಂದ ಇರಬೇಕು? ಇವಳಿದ್ದಾಗ ಅದು ಕೂತರೆ ಸಾಕು, ಗದ್ದ ಇವಳ ಮೊಣಕಾಲ ಮೇಲಿರುತ್ತಿತ್ತು, ಇವಳ ಕೈ ಅದರ ತಲೆಯ ಮೇಲೆ, ಕ್ಯಾಮೆರಾ ಚೀಲದಲ್ಲಿ. ಊರ ಮಂದಿಯನ್ನೆಲ್ಲ ಅಲುಗಾಡದಂತೆ ಕೂರಿಸಿ ತೆಗೆಯುವವಳು ತನ್ನದೆನ್ನುವ ಒಂದು ಜೀವವನ್ನು ಹಾಗೆ ತೆಗೆದಿರಲಿಲ್ಲ. ಅನುಜಾ ಬಿಕ್ಕಿ ಬಿಕ್ಕಿ ಅತ್ತಳು.

ಮುಂದಿನ ಭಾನುವಾರ ಇದ್ದುದರಲ್ಲೇ ಚೆನ್ನಾಗಿದ್ದದ್ದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ದಳು. "ಕುಂತದ್ದು ಇಲ್ರಿ ಭೀಮಕ್ಕ. ಸಿಟ್ಟಾಗಬ್ಯಾಡ್ರಿ."

ಭೀಮಕ್ಕ ಫೋಟೋವನ್ನು ಬೆಳಕಿಗೆ ಹಿಡಿದಳು. "ಒಂದಾರ ಕಾಲು ನೆಲಕ್ಕ ಹತ್ತೈತೇನ ನೋಡ! ಯಾರ ಕಡೆ ಹಿಂಗ ಓಡಾಕತ್ತಾನ?"

"ನನ್ನ ಕಡೆರಿ. ನಾ ಕರದಿದ್ದೆ."

ಮುದುಕಿ ಸೆರಗಿನಿಂದ ಫೋಟೋ ಒರೆಸಿ ಇವಳ ಕೈಗೇ ಇಟ್ಟಳು. "ಹಂಗಾರ ಇದು ನಿಂದವ್ವಾ. ಅವ ಕುಂತಿದ್ದು ನನ್ನ ಕಣ್ಣಾಗೈತಿ. ಇದನ್ನ ನಿನ್ನ ಮನಿಯಾಗ ಹಚ್ಚಿಕೊ."

ಈಗ ಸಂಜೆ ಬೀಗ ತೆಗೆದರೆ ಎದುರಿನ ಗೋಡೆಯಿಂದ ಕಾಳ್ಯಾ ಓಡಿ ಬರುತ್ತಿರುತ್ತದೆ. ಅನುಜಾ ಚಪ್ಪಲಿ ಬಿಡುವ ಮೊದಲೇ ಅದರ ಹೆಸರು ಹಿಡಿದು ಕರೆಯುತ್ತಾಳೆ.