ಹುಳದ ಮನೆಗೆ ವಾಸನೆ ಆಗದು

ಮುಳಬಾಗಿಲಿನ ಹೈವೇ ಪಕ್ಕದ ಗ್ಯಾರೇಜಿನಲ್ಲಿ ಆವತ್ತು ನಾವು ನಾಲ್ಕು ಜನ ಇದ್ದೆವು. ಕಲ್ಲುಬೆಂಚಿನ ಮೇಲೆ ನಾನು, ಪಕ್ಕದಲ್ಲಿ ಟೊಮೆಟೊ ಮಂಡಿಯಿಂದ ಬಂದಿದ್ದ ಒಬ್ಬ ರೈತ, ಎದುರಿಗೆ ಕುಕ್ಕರಗಾಲಿನಲ್ಲಿ ಕೂತಿದ್ದ ಪೇಂಟಿನವನು, ಟೀ ಕೊಟ್ಟಮೇಲೂ ಹೋಗದೆ ನಿಂತಿದ್ದ ಟೀ ಅಂಗಡಿಯ ಹೆಂಗಸು. ನನ್ನ ಸ್ಕೂಟರಿನ ಮುಂದಿನ ಪ್ಲಾಸ್ಟಿಕ್ ಮಡ್‌ಗಾರ್ಡು ಗೀಚಿಹೋಗಿತ್ತು. ಪೇಂಟಿನವನು ಅದನ್ನು ಉಜ್ಜಿ, ತಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಗನ್ ಹಿಡಿದು ಬಣ್ಣ ಹೊಡೆದ. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು.

“ಬಾಳೆಹಣ್ಣು ಕೊಳೆತಂಗೈತೆ,” ಅಂದ ರೈತ.

“ನಮ್ಮನೇಲಿ ಹುಡುಗೀರು ಉಗುರಿಗೆ ಹಚ್ಕೊಂತಾರಲ್ಲ, ಅದೇ ವಾಸನೆ,” ಅಂದಳು ಟೀ ಹೆಂಗಸು.

ಉಗುರು ಅಂದಳು ನೋಡಿ… ನನ್ನ ಕೈಯಲ್ಲಿದ್ದ ಟೀ ಹಾಗೇ ಆರಿಹೋಯಿತು. ಲಕ್ಕೂರಿನ ಆಚೆಗಿನ ಆ ಹಳ್ಳಿ, ಹಂಚಿನ ಮಾಡಿನ ಆ ಉದ್ದನೆಯ ಮನೆ, ಅದರ ಬಾಗಿಲಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತ ಹುಳದಮ್ಮ, ಎಲ್ಲ ಒಟ್ಟಿಗೇ ಬಂದು ಎದುರಿಗೆ ನಿಂತಂತಾಯಿತು.

ಆ ಊರಿನ ಶಾಲೆಗೆ ನಾನು ಮೇಷ್ಟ್ರಾಗಿ ಹೋದಾಗ ಬಾಡಿಗೆಗೆ ಸಿಕ್ಕಿದ್ದು ಆಕೆಯ ಮನೆಯ ಮುಂದಿನ ಕೋಣೆ. ಹಿಂದುಗಡೆ ರೇಷ್ಮೆ ಹುಳ ಸಾಕುವ ಮನೆ. ಊರೆಲ್ಲ ಆಕೆಯನ್ನು ಹುಳದಮ್ಮ ಅಂತಲೇ ಕರೆಯುತ್ತಿತ್ತು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಹಾಲಿನ ಟ್ಯಾಂಕರ್ ಓಡಿಸುತ್ತಾ ವಾರದ ಅರ್ಧದಷ್ಟು ದಿನ ರಸ್ತೆಯ ಮೇಲೇ ಇರುತ್ತಿದ್ದ. ಮನೆಯಲ್ಲಿ ಅತ್ತೆ, ಸೊಸೆ, ಹುಳ. ಈ ಮೂವರಲ್ಲಿ ಯಜಮಾನಿಕೆ ಹುಳದ್ದು.

ರೇಷ್ಮೆ ಹುಳಕ್ಕೆ ವಾಸನೆ ಆಗಬರುವುದಿಲ್ಲ ಅನ್ನುವುದು ಸಾಕುವವರಿಗೆಲ್ಲ ಗೊತ್ತು. ಆದರೆ ಹುಳದಮ್ಮನ ಮನೆಯಲ್ಲಿ ಅದು ಶಾಸನ. ಬಾಗಿಲಲ್ಲಿ ಒಂದು ಚಪ್ಪಡಿ ಕಲ್ಲು, ಅದರ ಪಕ್ಕ ನೀರಿನ ಹಂಡೆ. ಯಾರೇ ಬರಲಿ, ಕಲ್ಲಿನ ಮೇಲೆ ನಿಂತು ಕೈಕಾಲು ತೊಳೆದೇ ಒಳಗೆ ಕಾಲಿಡಬೇಕು. ಮಲ್ಲಿಗೆ ಮುಡಿದು ಬಂದವರು ಹೂವನ್ನು ತೆಗೆದು ಹೊರಗಿನ ಮೊಳೆಗೆ ಸಿಕ್ಕಿಸಬೇಕು. ಬೀಡಿಯವರಿಗೆ ಅಂಗಳವೇ ಗತಿ. ಹುಳ ಇರುವಷ್ಟು ದಿನ ಒಗ್ಗರಣೆ ಹಾಕುವುದು ಬೀದಿಯ ಆಚೆ ಇದ್ದ ನಾದಿನಿಯ ಮನೆಯಲ್ಲಿ. ಅಲ್ಲಿಂದ ಸಾರು ತಟ್ಟೆ ಮುಚ್ಚಿಕೊಂಡು ಬರುತ್ತಿತ್ತು. ದೇವರ ಗೂಡಿನಲ್ಲಿ ದೀಪ ಉಂಟು, ಊದುಬತ್ತಿ ಇಲ್ಲ. ಹೊರಗಿನ ಬಿಸಿಗಾಳಿ, ವಾಸನೆ ಒಳಗೆ ಬರದ ಹಾಗೆ ಕಿಟಕಿಗಳಿಗೆ ನೀರಿನಲ್ಲಿ ಅದ್ದಿದ ಗೋಣಿ.

ನಾನು ಹೋದ ಮೊದಲನೇ ಬೆಳಗ್ಗೆಯೇ ನನ್ನ ತಲೆ ಹಿಡಿದು ಮೂಸಿದ್ದಳು ಮಹಾತಾಯಿ.

“ಏನ್ ಎಣ್ಣೆ ಮೇಷ್ಟ್ರೇ ಇದು? ಮದುವೆ ಹೆಣ್ಣು ಹಚ್ಕೊಂಡಂಗೆ ಘಮಘಮ ಅಂತೀರಲ್ಲ. ಬರೀ ಕೊಬ್ಬರಿ ಎಣ್ಣೆ ಹಚ್ಕೊಳ್ಳಿ, ಇಲ್ದಿದ್ರೆ ಬೇರೆ ರೂಮ್ ನೋಡ್ಕೊಳ್ಳಿ.”

ಹಚ್ಚಿಕೊಂಡೆ. ಇವತ್ತಿಗೂ ಅದನ್ನೇ ಹಚ್ಚುತ್ತೇನೆ.

ಬಾಯಿ ಜೋರು, ಆದರೆ ಕೈ ಮೆತ್ತಗೆ. ಹುಳ ಎಲೆ ಬಿಟ್ಟು ಅಲುಗಾಡದೆ ಕೂತು ಚರ್ಮ ಕಳಚುವುದಕ್ಕೆ ಅಲ್ಲಿ ‘ಜ್ವರ’ ಅನ್ನುತ್ತಾರೆ. ಜ್ವರದ ದಿನ ಮನೆಯಲ್ಲಿ ಮಾತೂ ಪಿಸುಪಿಸು. ಎದ್ದಮೇಲೆ ಹಿಪ್ಪುನೇರಳೆ ಸೊಪ್ಪು ಹಾಕಿದರೆ ತಟ್ಟೆ ತಟ್ಟೆಯಿಂದ ಸಣ್ಣ ಮಳೆ ಹಿಡಿದ ಹಾಗೆ ಸದ್ದು. ಆ ಸದ್ದು ಕೇಳುತ್ತಾ ಹುಳದಮ್ಮ ಕಂಬಕ್ಕೊರಗಿ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದಳು. “ಉಣ್ಣೋ ಸದ್ದಿಗಿಂತ ಬೇರೆ ಸಂಗೀತ ಯಾಕ್ರೀ ಬೇಕು?” ಅನ್ನುತ್ತಿದ್ದಳು…

ನಾನು ಹೋಗಿ ಸ್ವಲ್ಪ ಕಾಲಕ್ಕೆ ಊರಿನ ಮೂಡಣ ದಿಕ್ಕಿನ ಹೊಲದಲ್ಲಿ ಕಾಂಪೌಂಡು ಎದ್ದಿತು. ಒಳಗೆ ನೀಲಿ ತಗಡಿನ ಶೆಡ್ಡು. ಕಾರಿನ ಬಂಪರು, ಕನ್ನಡಿಯ ಚಿಪ್ಪು, ಸ್ಕೂಟರಿನ ಮೈ, ಹೀಗೆ ಪ್ಲಾಸ್ಟಿಕ್ ಸಾಮಾನುಗಳಿಗೆ ಬಣ್ಣ ಹೊಡೆದು ಕಾಯಿಸುವ ಕಂಪನಿ. ಊರಿನ ಹುಡುಗರಿಗೆ ಕೆಲಸ ಸಿಗುತ್ತದೆ ಅಂತ ಪಂಚಾಯಿತಿಯವರು ಪೂಜೆಗೆ ಹೋಗಿ ಶಾಲು ಹೊದ್ದು ಬಂದರು.

ಶುರುವಿನ ದಿನಗಳಲ್ಲಿ ಆ ವಾಸನೆ ಬಂದಾಗ ಊರು ನಕ್ಕಿತ್ತು. ಸಿಹಿಸಿಹಿ, ಅತಿ ಹಣ್ಣಾದ ಹಾಗೆ. “ಯಾರಮ್ಮ ಅದು, ಹಲಸಿನಹಣ್ಣು ಕೊಯ್ದು ನಮಗೆ ಒಂದು ತೊಳೆ ಕೊಡದೋರು?” ಅಂತ ಬಾವಿಯ ಹತ್ತಿರ ಹೆಂಗಸರು ಒಬ್ಬರನ್ನೊಬ್ಬರು ರೇಗಿಸಿದ್ದರು. ಹುಳದ ಮನೆ ಸುಣ್ಣ ಬಳಿಸಿಕೊಂಡು ಖಾಲಿ ಇದ್ದ ಕಾಲ ಅದು. ಹುಳದಮ್ಮನೂ ನಕ್ಕಿದ್ದಳು.

ಆಮೇಲೆ ಬಂದ ಬೆಳೆಯಲ್ಲಿ ಹುಳ ಕೊನೆಯ ಜ್ವರದಿಂದ ಎದ್ದು ಸೊಪ್ಪು ಮುಟ್ಟಲಿಲ್ಲ. ತಲೆ ಎತ್ತಿ ಅತ್ತಿತ್ತ ಆಡಿಸುತ್ತಾ ಬಾಯಿಂದ ಹಸಿರು ನೀರು ಕಕ್ಕಿದವು. ಮಾರನೆಯ ದಿನ ತಟ್ಟೆ ತಟ್ಟೆಯನ್ನೇ ತಿಪ್ಪೆಗೆ ಸುರಿದರು. ಮಳೆಯ ಸದ್ದು ನಿಂತಿದ್ದ ಆ ಮನೆ…

ನಮ್ಮ ಕಡೆ ಹುಳ ಸತ್ತರೆ ಮೊದಲು ಹುಡುಕುವುದು ಮನೆಯೊಳಗಿನ ವಾಸನೆಯನ್ನು. ಯಾರು ಹೂ ಮುಡಿದರು, ಯಾರು ಸೊಳ್ಳೆಬತ್ತಿ ಹಚ್ಚಿದರು, ಯಾರ ಕೈಯಲ್ಲಿ ಹೊಗೆಸೊಪ್ಪಿತ್ತು. ತಲೆತಲಾಂತರದಿಂದ ಬಂದ ಬುದ್ಧಿ ಅದು, ತಪ್ಪೂ ಅಲ್ಲ. ಹುಳದಮ್ಮ ನನ್ನ ಪೆಟ್ಟಿಗೆ ಮೂಸಿದಳು, ಮಗನ ಅಂಗಿ ಮೂಸಿದಳು. ಕೊನೆಗೆ ಸೊಸೆಯ ಟ್ರಂಕಿನಲ್ಲಿ ಸೀರೆಯ ಕೆಳಗೆ ಉಗುರು ಬಣ್ಣದ ಪುಟ್ಟ ಶೀಶೆ ಸಿಕ್ಕಿತು. ಮುಚ್ಚಳ ತೆಗೆದು ಮೂಗಿಗೆ ಹಿಡಿದಳು. ಊರಿಗೆ ಊರೇ ಹಲಸು ಅಂದುಕೊಂಡಿದ್ದ ಅದೇ ವಾಸನೆ.

“ನಿನ್ ಉಗುರಿನ ಚಂದಕ್ಕೆ ನನ್ ಹುಳ ತಿಂದ್ಕೊಂಡ್ಯಲ್ಲೇ.”

“ಹಚ್ಚಿಲ್ಲ ಅತ್ತೆ. ತಂಗಿ ಮದುವೇಲಿ ಹಚ್ಕೊಂಡಿದ್ದು, ಅಷ್ಟೇ. ನೋಡಿ ಬೇಕಾದ್ರೆ,” ಅಂತ ಆ ಹುಡುಗಿ ಎರಡೂ ಕೈ ಮುಂದೆ ಚಾಚಿದಳು. ಸೊಪ್ಪಿನ ಹಸಿರು ಹಿಡಿದ ಉಗುರುಗಳು. ಅವನ್ನು ನೋಡುವ ಸಮಾಧಾನ ಆಗ ಯಾರಿಗಿತ್ತು? ಸಂಜೆಯ ಬಸ್ಸಿಗೆ ಸೊಸೆ ರಾಯಲ್ಪಾಡಿನ ತೌರಿಗೆ ಹೋದಳು. ಹೋಗುವಾಗ ಆ ಶೀಶೆಯನ್ನು ಕಲ್ಲಿನ ಮೇಲೆ ಒಡೆದು ಹೋದಳು.

ಮುಂದಿನ ಬೆಳೆಗೆ ಹುಳದಮ್ಮ ಮನೆಯನ್ನು ತಿರುಗಿ ತೊಳೆದಳು, ಸುಣ್ಣ ಬಳಿದಳು, ಹೊಸ ಮೊಟ್ಟೆ ತಂದಳು. ಸೊಸೆ ಇಲ್ಲ, ಶೀಶೆ ಇಲ್ಲ. ಹುಳ ಚೆನ್ನಾಗಿಯೇ ಬಂತು. ಮೈ ಪಾರದರ್ಶಕವಾಗಿ, ‘ಹಣ್ಣಾಗಿ’, ಇನ್ನೇನು ಬಿದಿರಿನ ಚಂದ್ರಂಕಿ ತಟ್ಟಿಗೆ ಬಿಟ್ಟರೆ ಗೂಡು ಕಟ್ಟಬೇಕು. ಅವತ್ತು ಮೂಡಣ ಗಾಳಿ ಎದ್ದಿತು. ಹಲಸಿನ ವಾಸನೆ ಕಿಟಕಿಯ ಒದ್ದೆ ಗೋಣಿಯನ್ನು ದಾಟಿ ಒಳಗೆ ಬಂತು. ಹುಳದಮ್ಮ ಮೂಗು ಎತ್ತಿ ಅಂಗಳಕ್ಕೆ ಬಂದಳು, ಅಂಗಳದಿಂದ ಬೀದಿಗೆ, ಬೀದಿಯಿಂದ ಬದುವಿಗೆ. ದಾರದ ತುದಿ ಹಿಡಿದವಳ ಹಾಗೆ ವಾಸನೆಯ ಹಿಂದೆ ನಡೆದು ಕಂಪನಿಯ ಕಾಂಪೌಂಡಿಗೆ ಹಣೆ ತಾಗಿಸಿ ನಿಂತಳು. ಹಿಂದೆಯೇ ಹೋಗಿದ್ದ ನನ್ನನ್ನು ನೋಡಿ ಅಂದದ್ದು ಒಂದೇ ಮಾತು:

“ಮೇಷ್ಟ್ರೇ, ನನ್ ಸೊಸೆ.”

ಹುಳದ ಮಾತು ಆಮೇಲೆ. ಅರ್ಧದಷ್ಟು ಹುಳ ಚಂದ್ರಂಕಿಯಲ್ಲೇ ನೇತಾಡಿ ಒಣಗಿದವು. ಕಟ್ಟಿದ ಗೂಡೂ ಕಾಗದದ ಹಾಗೆ ತೆಳ್ಳಗೆ.

ರಾಯಲ್ಪಾಡಿಗೆ ಆಕೆಯ ಜೊತೆ ನಾನೂ ಹೋಗಿದ್ದೆ. ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳೇ ಬಳೆ ಅಂಗಡಿಗೆ ನುಗ್ಗಿ, “ಉಗುರಿಗೆ ಹಚ್ಚೋದು ಕೊಡಪ್ಪ, ಇದ್ದಿದ್ದರಲ್ಲಿ ಕೆಂಪಂದು,” ಅಂದಳು. ಮಾವಿನ ತೋಪಿನ ಅಂಚಿನ ಮನೆ. ಬೀಗಿತ್ತಿ ಬಾಗಿಲಿಗೆ ಬಂದು “ರಾ ಒದಿನಾ, ಕೂಚೋ” ಅಂತ ತೆಲುಗಿನಲ್ಲಿ ಕರೆದರೂ ಹುಳದಮ್ಮ ಕೂರಲಿಲ್ಲ. “ತಪ್ಪು ನಾದೇ, ನಂದೇ ತಪ್ಪು,” ಅಂದು ಸೊಸೆಯ ಕೈ ಹಿಡಿದು ಅದರಲ್ಲಿ ಶೀಶೆ ಇಟ್ಟಳು.

ಸೊಸೆ ಶೀಶೆ ನೋಡಿದಳು, ಅತ್ತೆಯನ್ನು ನೋಡಿದಳು. “ಹುಳ ಬಂತಾ ಅತ್ತೆ?” ಅಂದಳು. ಅಷ್ಟು ಕೇಳಿದ್ದೇ ಸಾಕು, ಆ ಬಾಯಿ ಜೋರಿನ ಹೆಂಗಸು ಬಾಗಿಲಲ್ಲೇ ಕುಸಿದು ಅತ್ತಳು…

ಆಮೇಲಿನದು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಕಂಪನಿಯ ಬಾಗಿಲಿಗೆ ಹೋದೆವು. ಇಸ್ತ್ರಿ ಅಂಗಿಯ ಮ್ಯಾನೇಜರು, “ಇದು ಇಂಡಸ್ಟ್ರಿಯಲ್ ಏರಿಯಾ ಕಣಮ್ಮ. ಹುಳ ಸಾಕೋರು ಬೇರೆ ಕಡೆ ನೋಡ್ಕೋಬೇಕು,” ಅಂದ. “ನನ್ ಹುಳದ ಮನೆ ಇದ್ದಾಗ ನಿನ್ ಏರಿಯಾ ಎಲ್ಲಿತ್ತಪ್ಪ?” ಅಂದಳು ಹುಳದಮ್ಮ. ವಾಚ್‌ಮನ್ ಗೇಟು ಎಳೆದ. ಅರ್ಜಿ ಕೊಟ್ಟೆವು. ಕೊಟ್ಟು ಕೊಟ್ಟು ಸಾಕಾದಮೇಲೆ ಗಾಳಿ ಅಳೆಯುವ ಸಾಹೇಬರು ಬರುತ್ತಾರೆ ಅಂತ ತಿಳಿಯಿತು. ನಮಗೆ ತಿಳಿಯುವ ಮೊದಲೇ ಕಂಪನಿಗೆ ತಿಳಿದಿತ್ತು.

ಆ ದಿನದ ಗಾಳಿಯನ್ನು ನಾನು ಮರೆಯುವ ಹಾಗಿಲ್ಲ. ಸೊಪ್ಪಿನ ತೋಟದ ಹಸಿ ವಾಸನೆ ಬಿಟ್ಟರೆ ಮತ್ತೇನೂ ಇಲ್ಲ. ಜೀಪಿನಿಂದ ಇಳಿದ ಸಾಹೇಬರನ್ನು ಹುಳದಮ್ಮ ಬಾಗಿಲಲ್ಲೇ ತಡೆದಳು. “ಸೆಂಟ್ ಹಾಕಿದೀರಿ ಸ್ವಾಮಿ. ಒಳಗೆ ಬಿಡಲ್ಲ, ಬೇಜಾರು ಮಾಡ್ಕೋಬೇಡಿ.” ಅವರು ನಕ್ಕು ಕೈಕಾಲು ತೊಳೆದು ಹೊರಗೇ ನಿಂತರು. ಕೆಟ್ಟ ಮನುಷ್ಯರಲ್ಲ. ಯಂತ್ರ ಇಟ್ಟರು, ಕಾದರು, ಯಂತ್ರ ಹೇಳಿದ್ದನ್ನು ಹೇಳಿದರು.

“ಎಲ್ಲಾ ಮಿತಿಯೊಳಗೇ ಇದೆಯಮ್ಮ.”

“ಯಾರ ಮಿತಿ ಸ್ವಾಮಿ? ನಿಮ್ದಾ, ನನ್ ಹುಳದ್ದಾ?”

“ಹುಳಕ್ಕೆ ಅಂತ ಬೇರೆ ಮಿತಿ ಇಲ್ಲಮ್ಮ.”

“ಅಂಗಾದ್ರೆ ಹುಳ ಸಾಯಬಹುದು ಅಂತ ಬರೆದುಕೊಟ್ಬಿಡಿ. ನಾನೂ ಸುಮ್ನಾಗ್ತೀನಿ.”

ಸಾಹೇಬರು ಅದನ್ನು ಬರೆಯಲಿಲ್ಲ. ಅವರ ಜೀಪು ಲಕ್ಕೂರಿನ ತಿರುವು ದಾಟುವಷ್ಟರಲ್ಲಿ ಹಲಸಿನ ವಾಸನೆ ಊರೊಳಗೆ ಬಂದು ಕೂತಿತ್ತು.

ಹುಳದಮ್ಮ ಆಮೇಲೆ ಹುಳ ಸಾಕಲಿಲ್ಲ. ಸೊಪ್ಪಿನ ತೋಟ ತಾನೇ ತಾನಾಗಿ ಬೆಳೆದು ಗಿಡವೆಲ್ಲ ಮರವಾಯಿತು. ಮಗನೊಬ್ಬನ ದುಡಿಮೆ ಸಾಲದೆ ಸೊಸೆ ಕೆಲಸಕ್ಕೆ ಹೊರಟಳು. ಎಲ್ಲಿಗೆ ಅಂತೀರಿ? ನಡೆದು ಹೋಗುವಷ್ಟು ಹತ್ತಿರ ಇದ್ದದ್ದು ಅದೊಂದೇ ಕಂಪನಿ. ಬಣ್ಣ ಹೊಡೆಯುವ ಮುಂಚೆ ಬಂಪರುಗಳನ್ನು ತಿನ್ನರ್ ಬಟ್ಟೆಯಲ್ಲಿ ಒರೆಸುವ ಕೆಲಸ.

ಒಳಗಿನ ಸಂಗತಿ ನಮಗೆ ಗೊತ್ತಾದದ್ದು ಅವಳಿಂದಲೇ. ಗನ್ನಿನಿಂದ ಹಾರುವ ಬಣ್ಣವನ್ನು ಹಿಡಿಯುವುದಕ್ಕೆ ಗೋಡೆಯ ಮೇಲೆ ನೀರಿನ ಪರದೆ ಇಳಿಯಬೇಕಂತೆ. ಉಳಿದ ಹೊಗೆಯನ್ನು ಇದ್ದಿಲಿನ ಪೆಟ್ಟಿಗೆಯಲ್ಲಿ ಸೋಸಿ ಆಮೇಲೆ ಚಿಮಣಿಗೆ ಬಿಡಬೇಕಂತೆ. ಎರಡೂ ಅಲ್ಲಿದ್ದವು. ಕೊಂಡು ತಂದು, ಜೋಡಿಸಿ, ಪೂಜೆ ಮಾಡಿ ಇಟ್ಟಿದ್ದರು. ಓಡಿಸುತ್ತಿರಲಿಲ್ಲ. ಕರೆಂಟು ತಿನ್ನುತ್ತದೆ ಅಂತ. ಸಾಹೇಬರು ಬರುವ ದಿನ ಬೆಳಗ್ಗೆ ಸೂಪರ್‌ವೈಸರು “ಈವತ್ತು ನೀರು ಬಿಡ್ರಪ್ಪಾ” ಅಂತ ಕೂಗುತ್ತಿದ್ದನಂತೆ. ಯೋಚಿಸಿ ನೋಡಿ. ನಿಯಮ ಇಲ್ಲದ ಊರಾಗಿದ್ದರೆ ಸಹಿಸಬಹುದಿತ್ತು. ಉಪಾಯ ಗೊತ್ತಿಲ್ಲದ ಕೆಲಸವಾಗಿದ್ದರೆ ಅಯ್ಯೋ ಅನ್ನಬಹುದಿತ್ತು. ನಿಯಮವೂ ಇತ್ತು, ಯಂತ್ರವೂ ಇತ್ತು, ಒತ್ತಬೇಕಾದ ಸ್ವಿಚ್ಚು ಗೋಡೆಯ ಮೇಲೆ ಕಣ್ಣೆದುರಿಗೇ ಇತ್ತು. ಒಂದು ಸ್ವಿಚ್ಚಿಗಾಗಿ ಒಂದು ಮನೆಯ ಕಸುಬು ತಿಪ್ಪೆಗೆ ಹೋಯಿತು, ಒಬ್ಬ ಹೆಣ್ಣುಮಗಳು ಮಾಡದ ತಪ್ಪಿಗೆ ತೌರಿಗೆ ಹೋದಳು. ಇದನ್ನು ಕೇಳುವವರು ಬರುವಾಗ ಫೋನ್ ಮಾಡಿ ಬರುತ್ತಾರೆ.

ಸೊಸೆ ಕೆಲಸ ಮುಗಿಸಿ ಬರುವ ಹೊತ್ತಿಗೆ ಹುಳದಮ್ಮ ಹಂಡೆಯಲ್ಲಿ ನೀರು ಕಾಯಿಸಿ ಕಲ್ಲಿನ ಪಕ್ಕ ಕಾಯುತ್ತಾ ಕೂತಿರುತ್ತಿದ್ದಳು. ಒಗ್ಗರಣೆಯ ವಾಸನೆಗೂ ಸಿಡಿಮಿಡಿ ಅನ್ನುತ್ತಿದ್ದ ಜೀವ, ಮೈಯೆಲ್ಲ ತಿನ್ನರ್ ನಾರುವ ಹುಡುಗಿಯ ಕೈಯನ್ನು ತಾನೇ ಹಿಡಿದು ಸೀಗೆಪುಡಿ ಹಾಕಿ ತಿಕ್ಕುತ್ತಿತ್ತು. ಒಂದು ಸಂಜೆ ಕೇಳಿದ ಮಾತು: “ಬಿಟ್ಬಿಡಿ ಅತ್ತೆ, ನಾಳೆ ಮತ್ತೆ ಅದೇ ಆಗ್ತದೆ.” “ಆದ್ರೆ ನಾಳೆ ಮತ್ತೆ ತಿಕ್ತೀನಿ, ಸುಮ್ನಿರೇ.” ಶ್ರೀನಿವಾಸಪುರದ ಆ ಕೆಂಪು ಶೀಶೆ ಗೋಡೆಯ ಗೂಡಿನಲ್ಲಿ ಹಾಗೇ ಇತ್ತು. ಸೊಸೆ ಅದರ ಮುಚ್ಚಳ ತೆಗೆದದ್ದನ್ನು ನಾನು ನೋಡಲಿಲ್ಲ.

ಆಮೇಲೆ ನನಗೆ ಮುಳಬಾಗಿಲಿಗೆ ವರ್ಗವಾಯಿತು. ಹೋಗಿಬರುವುದು ಕಡಿಮೆಯಾಯಿತು. ಹುಳದಮ್ಮ ಹೋದ ಸುದ್ದಿ ಬಂದದ್ದೂ ತಡವಾಗಿ…

“ಸಾರ್, ಒಣಗಿದೆ, ತಗೊಂಡೋಗಿ,” ಅಂದ ಪೇಂಟಿನವನು. ಮಡ್‌ಗಾರ್ಡು ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ನನ್ನ ಮುಖ ಕಂಡಿತು. ಟೀ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಲೋಟ ಎತ್ತಿಕೊಂಡು ಹೋದಳು.

ಅದಾದ ಮೇಲೆ ಹುಳದಮ್ಮನ ವರ್ಷದ ತಿಥಿಗೆ ಹೋಗಿದ್ದೆ. ಸೊಸೆ ಈಗಲೂ ಅದೇ ಕೆಲಸದಲ್ಲಿದ್ದಾಳೆ, ಸಣ್ಣಗೆ ಕೆಮ್ಮುತ್ತಾಳೆ. ನಾನು ಕಲ್ಲಿನ ಮೇಲೆ ನಿಂತು ಕೈಕಾಲು ತೊಳೆದು ಒಳಗೆ ಹೋದೆ. ಫೋಟೊದ ಮುಂದೆ ದೀಪ ಇತ್ತು. ಐನೋರು ಸುತ್ತ ನೋಡಿ, “ಊದುಬತ್ತಿ ಎಲ್ಲಮ್ಮಾ?” ಅಂದರು.

“ಇಲ್ಲ ಸ್ವಾಮಿ,” ಅಂದಳು ಸೊಸೆ. “ನಮ್ಮತ್ತೆಗೆ ವಾಸನೆ ಆಗಲ್ಲ.”

ಐನೋರು ಹೂಂ ಅಂದು ಮಂತ್ರ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಮೂಡಣ ಗಾಳಿ ಬೀಸಿತು. ಸೊಸೆ ಎದ್ದು ಹೋಗಿ ಗೋಣಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಫೋಟೊದ ಪಕ್ಕದ ಕಿಟಕಿಗೆ ಕಟ್ಟಿದಳು.