ಇರೀನಾಳ ಗಂಟಲು, ನನ್ನ ಬೆಲ್ಲದ ಡಬ್ಬಿ

ಮಧ್ಯಾಹ್ನ ಒಂದರಿಂದ ಮೂರರವರೆಗೆ ನನ್ನ ಬಾಡಿಗೆ ಮನೆಯಲ್ಲಿ ನಾನು ಬಾಯಿ ತೆರೆಯುವಂತಿಲ್ಲ. ಜರ್ಮನಿಗೆ ಬಂದ ಮೂರನೇ ದಿನವೇ ಕೆಳಗಿನ ಮನೆಯ ಮುದುಕಿ ಬಾಗಿಲು ತಟ್ಟಿ, ಗೋಡೆಗೆ ಅಂಟಿಸಿದ ಕಾಗದ ತೋರಿಸಿ ಹೋದಳು. ರೂಹೆಟ್ಸೈಟ್, ಅಂದರೆ ಸದ್ದು ಮಾಡಬಾರದ ಹೊತ್ತು. ಹಾಡಿ ಹೊಟ್ಟೆ ಹೊರೆಯಲು ಬಂದವಳಿಗೆ ಇದೆಂಥಾ ಊರು ಗಂಟುಬಿತ್ತವ್ವಾ ಅನಿಸಿತು.

ಬನಹಟ್ಟಿಯ ನಮ್ಮ ಓಣಿಯಲ್ಲಿ ಬೆಳಗಾದರೆ ಪವರ್‌ಲೂಮಿನ ಖಟಪಟ. ಕುಡಿಯಲು ನೀರು ಕೇಳಬೇಕಾದರೂ ಒದರಬೇಕು. ನಮ್ಮ ಮನೆಯ ಮಗ್ಗ ನಡೆಸುವವಳು ಅವ್ವ. ನಾನು ಎಷ್ಟೇ ಛಲೋ ಹಾಡಲಿ, ಆಕೆ ಮಗ್ಗ ನಿಲ್ಲಿಸಿ ಕೇಳಿದವಳಲ್ಲ. ಸೀರೆ ಯಾರು ಮುಗಿಸಬೇಕು? ಹಾಗಾಗಿ ಮಗ್ಗದ ಸದ್ದು ದಾಟುವಷ್ಟು ದನಿ ಎತ್ತುವುದು ನನಗೆ ಸಣ್ಣಂದಿನಿಂದಲೇ ರೂಢಿ. ಪುಣೆಯಲ್ಲಿ ಸಂಗೀತ ಕಲಿಯುವಾಗ ನನ್ನ ಹಾಡು ಕೇಳಿದ ಜರ್ಮನ್ ಶಿಕ್ಷಕಿಯೊಬ್ಬರು, ಈ ಗಂಟಲಿಗೆ ಮೈಕ್ ಬೇಕಿಲ್ಲ, ಇದು ಆಪೆರಾದ ಗಂಟಲು ಎಂದರು. ಆಪೆರಾ ಎಂದರೆ ನಮ್ಮ ಸಣ್ಣಾಟದ ಹಾಗೆಯೇ ಕಥೆಯನ್ನು ಹಾಡಿ ಆಡುವುದು, ಆದರೆ ಐವತ್ತು ವಾದ್ಯಗಳ ಸದ್ದು ದಾಟಿ, ಮೈಕ್ ಇಲ್ಲದೆ. ಹೆಂಗಸಿನ ಅತಿ ಎತ್ತರದ ದನಿಗೆ ಸೊಪ್ರಾನೊ ಎನ್ನುತ್ತಾರೆ.

ನಾನೂ ಸೊಪ್ರಾನೊ, ನಮ್ಮ ಆಪೆರಾ ತಂಡದ ಇರೀನಾಳೂ ಸೊಪ್ರಾನೊ. ಅವಳು ನಾಯಕಿ, ನಾನು ಮೇಳದ ಹಿಂದಿನ ಸಾಲಿನಲ್ಲಿ ಎಡಗಡೆಯಿಂದ ನಾಲ್ಕನೆಯವಳು, ಅಷ್ಟೇ ಫರಕು. ಪ್ಯಾರಿಸ್, ಮಿಲಾನ್, ಟೋಕಿಯೊ ಎಂದು ತಿಂಗಳಿಗೊಂದು ದೇಶದಲ್ಲಿ ಹಾಡಿ ಬರುತ್ತಾಳೆ. ಪೆಟ್ಟಿಗೆಗೆ ಅಂಟಿದ ವಿಮಾನದ ಚೀಟಿಗಳನ್ನು ಕೀಳುವುದೂ ಇಲ್ಲ, ಎಲ್ಲರೂ ನೋಡಲಿ ಅಂತ. ನನಗಿಂತ ಆರು ವರ್ಷ ಸಣ್ಣವಳು. ಒಳ್ಳೆಯವಳೇ, ಅದೇ ತೊಂದರೆ. ನನ್ನ ಹುಟ್ಟುಹಬ್ಬಕ್ಕೆ ಕೇಕ್ ತಂದಳು; ತಿನ್ನುವಾಗಲೂ ನನಗೆ ಹೊಟ್ಟೆ ಉರಿಯಿತು. ಖರೆ ಹೇಳುತ್ತೇನೆ, ಒಂದೇ ಒಂದು ದಿನ ಅವಳ ಪಾತ್ರ ನಾನು ಆಡಬೇಕು, ಬನಹಟ್ಟಿಯಲ್ಲಿ ಅವ್ವ ಅದನ್ನು ನೋಡಬೇಕು. ಇಷ್ಟಕ್ಕಾಗಿಯೇ ಕಲ್ಲಿನಂಥ ಬ್ರೆಡ್ ತಿಂದುಕೊಂಡು ನಾಲ್ಕು ವರ್ಷ ಇಲ್ಲಿದ್ದೇನೆ. ಪಿಸುಗುಟ್ಟಿ ರೂಢಿಯಾಗಿ, ಕಳೆದ ಸಲ ಊರಿಗೆ ಹೋದಾಗ ನನ್ನ ಮಾತೇ ಮನೆಯವರಿಗೆ ಕೇಳಿಸಲಿಲ್ಲ.

ಚಳಿಗಾಲದಲ್ಲಿ ಇರೀನಾಳ ಗಂಟಲು ಕಟ್ಟಿತು. ಅವ್ವ ಕಳಿಸಿದ ಮಹಾಲಿಂಗಪುರದ ಬೆಲ್ಲ, ಸುಂಠಿಯ ಡಬ್ಬಿ ನನ್ನ ಚೀಲದಲ್ಲಿತ್ತು. ಮೇಳದವರಿಗೆಲ್ಲ ಅವರು ಕೇಳದಿದ್ದರೂ ಹಂಚಿದ್ದೆ. ಅವಳು ನನ್ನೆದುರೇ ಕೆಮ್ಮುತ್ತ ಕೂತಿದ್ದಳು. ಕೊಡಲಿಲ್ಲ. ಚೀಲದ ಜಿಪ್ಪು ಎಳೆದುಕೊಂಡೆ.

ಪ್ರದರ್ಶನದ ದಿನ ಅವಳಿಗೆ ದನಿಯೇ ಹೊರಡಲಿಲ್ಲ. ಅವಳ ಹಾಡೆಲ್ಲ ನನಗೆ ಬಾಯಿಪಾಠ ಎಂದು ಗೊತ್ತಿದ್ದ ನಿರ್ದೇಶಕರು ನನ್ನನ್ನು ಕರೆದರು. ವೇಷ ಹಾಕಿಕೊಳ್ಳಲು ಓಡಿದವಳನ್ನು ತಡೆದು, ಬೇಡ, ಕರಿ ಬಟ್ಟೆ ಸಾಕು ಎಂದರು. ರಂಗದ ಮೇಲಿನ ನಡೆಯೆಲ್ಲ ಇರೀನಾಳಿಗೆ ಗೊತ್ತು. ಅವಳು ಬಾಯಿ ಆಡಿಸುತ್ತ ಅಭಿನಯಿಸಲಿ, ನೀನು ಅಂಚಿನಲ್ಲಿ ನಿಂತು ಹಾಡು, ಎಂದು ವಿವರಿಸಿದರು. ಇಲ್ಲಿ ಇಂಥದ್ದು ರೂಢಿಯಂತೆ.

ಮಗ್ಗದ ಸದ್ದು ದಾಟಿ ಹಾಡಿದ ಹಾಗೆ ಹಾಡಿದೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಇರೀನಾ ನನ್ನ ಕೈ ಹಿಡಿದು ಮುಂದೆ ಎಳೆದಳು, ಅತ್ತಳು ಕೂಡ. ನನ್ನ ಕಣ್ಣು ಮಾತ್ರ ಅವಳಿಗೆ ಬಂದ ಹೂವಿನ ಮೇಲಿತ್ತು.

ವಾರದ ಮೇಲೆ ಆ ಆಟದ ಎರಡು ನಿಮಿಷದ ವಿಡಿಯೊ ಬಂತು. ದನಿ ನನ್ನದು, ಕಾಣುವುದು ಪೂರಾ ಇರೀನಾ, ನಾನು ಎಲ್ಲೂ ಇಲ್ಲ. ನಾನು ಆಪೆರಾ ಹಾಡಿದ್ದನ್ನು ಅವ್ವ ಎಂದೂ ಕೇಳಿದವಳಲ್ಲ. ಆದರೂ ಮಗಳ ದನಿಯ ಗುರುತು ಹತ್ತದೆ ಇರುತ್ತದೆಯೇ ಎಂದು, ಏನೂ ಬರೆಯದೆ ಆಕೆಗೆ ಕಳಿಸಿದೆ. ಸಂಜೆ ಫೋನ್ ಬಂತು. ಹಿಂದೆ ಖಟಪಟವೇ ಇರಲಿಲ್ಲ. ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಮಗ್ಗ ಬಂದ್ ಮಾಡಿ ಎರಡ ಸಲ ಕೇಳಿದ್ನಿ," ಎಂದಳು ಅವ್ವ. "ಎಂಥಾ ದನಿ ಐತಿ ಬೇ ಆ ಹುಡುಗಿದು. ಕಣ್ಣಾಗ ನೀರ ಬಂತು. ನೀನೂ ಹಂಗ ಹಾಡಾಕ ಕಲಿ."

ಅದು ನಾನೇ ಅವ್ವಾ ಎಂಬ ಮಾತು ತುಟಿಗೆ ಬಂತು. ಹೇಳಿದರೆ, ಮತ್ತೆ ನಿನ್ನನ್ನು ಯಾಕೆ ತೋರಿಸಲಿಲ್ಲ ಎಂದು ಕೇಳುತ್ತಾಳೆ. ನನಗಾಗಿ ಒಂದು ದಿನವೂ ನಿಲ್ಲದ ಮಗ್ಗ ಇರೀನಾಳಿಗಾಗಿ ನಿಂತಿತ್ತು. ನನ್ನ ದನಿಯ ಮೇಲೇ ನನಗೆ ಹೊಟ್ಟೆಕಿಚ್ಚಾಯಿತು. ಕಲೀತೇನವ್ವಾ, ಎಂದೆ.

"ಅಂಥಾ ಗಂಟಲಾ ಜ್ವಾಪಾನ ಮಾಡಬೇಕು," ಎಂದಳು. "ನಿನ್ನ ಡಬ್ಬಿಯಾಗಿನ ಬೆಲ್ಲಾ ಸುಂಠಿ ಆಕಿಗೂ ಒಂದೀಟ ಕೊಡು."

ಹೂಂ ಎಂದು ಫೋನ್ ಇಟ್ಟೆ. ಡಬ್ಬಿ ತೆಗೆದೆ. ಒಂದು ತುಂಡು ಮುರಿದು ನನ್ನ ಬಾಯಿಗೇ ಹಾಕಿಕೊಂಡೆ.