ಕೋಳಿಮರಿಗೆ ಹಾಸಿದ ನೂಲು

ಇವತ್ತು ನಮ್ಮ ಹೊಸ ಕೋಳಿಗೂಡಿಗೆಂದು ತಂದ ಶೇಂಗಾ ಸಿಪ್ಪೆಯ ಚೀಲ ಬಿಚ್ಚಿದೆ. ಆ ವಾಸನೆಗೆ ಗಜೇಂದ್ರಗಡದ ನಮ್ಮ ಹಿತ್ತಲು ಕಣ್ಣ ಮುಂದೆ ಬಂತು.

ನೇಕಾರನಾದ ಅಪ್ಪ, ಸಿಪ್ಪೆ ಚುಚ್ಚೀತೆಂದು ಮಗ್ಗದಡಿಯ ನೂಲಿನ ತುಂಡುಗಳನ್ನು ಕೋಳಿಮರಿಗಳಿಗೆ ಮೆತ್ತಗೆ ಹಾಸಿದ್ದ. ಬೆಳಿಗ್ಗೆ ನೋಡಿದರೆ ಒಂದು ಮರಿಯ ಕಾಲಿಗೆ ನೂಲು ಬಿಗಿದು, ಅದು ಏಳಲಾರದೆ ಬಿದ್ದಿತ್ತು.

“ಕೆದರೋ ಜಾತಿಗೆ ಯಾರರ ನೂಲ ಹಾಸ್ತಾರೇನೋ?” ಎಂದು ಬೈಯುತ್ತ ಅಜ್ಜಿ ಕತ್ತರಿ ತಂದಳು.

“ಬ್ಯಾಡಬೇ, ಕಾಲ ಕೊಯ್ದೀತು,” ಎಂದ ಅಪ್ಪ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು, ಮಗ್ಗದಲ್ಲಿ ಹರಿದ ಎಳೆ ಹುಡುಕುವ ಅದೇ ಬೆರಳುಗಳಿಂದ ಒಂದೊಂದೇ ಸುತ್ತು ಬಿಚ್ಚಿದ. ಮರಿ ಕುಂಟುತ್ತ ಹೋಗಿ ತಾಯಿಯ ರೆಕ್ಕೆಯಡಿ ಸೇರಿತು. ಆಮೇಲೆಯೇ ನಾವು ಉಸಿರು ಬಿಟ್ಟದ್ದು. ಆ ಸಂಜೆ ಅಪ್ಪನೇ ಗಿರಣಿಯಿಂದ ಸಿಪ್ಪೆ ಹೊತ್ತು ತಂದ.

ಇಂದು ಮರಿಗಳನ್ನು ಬಿಡುವ ಮುನ್ನ ಸಿಪ್ಪೆಯಲ್ಲಿ ಒಮ್ಮೆ ಕೈಯಾಡಿಸಿದೆ. ಒಂದು ಎಳೆಯೂ ಸಿಗಲಿಲ್ಲ.